ಹಲ್ಲಿನಿಂದ ಬಿಚ್ಚುವ ಚಾಕು

ಮೈಲಪ್ಪ ತೀರಿಕೊಂಡ ಹನ್ನೊಂದನೆಯ ದಿನ, ಅವನ ಕಂಬಳಿಯ ಮೇಲಿದ್ದ ಮಡಚುವ ಚಾಕುವನ್ನು ತಮ್ಮ ಹುಲುಗಪ್ಪ ಯಾರನ್ನೂ ಕೇಳದೆ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಮೈಲಪ್ಪನ ಹೆಂಡತಿ ಮಾಳಮ್ಮ ಅಂದು ಮಾತಾಡಲಿಲ್ಲ. ನಾಲ್ಕು ತಿಂಗಳ ನಂತರ, ೧೯೭೮ರ ಕಾರ್ತೀಕದಲ್ಲಿ ಕುರಿಹಿಂಡುಗಳು ಹೊರಡುವ ಹೊತ್ತು ಬಂದಾಗ ಮಾತಾಡಿದಳು.

ಹೊಸಹಳ್ಳಿ ಹೋಬಳಿಯ ಅವರ ಊರಿನಿಂದ ಮೂರು ಹಿಂಡುಗಳು ಹೊರಗೆ ಹೋಗುತ್ತಿದ್ದವು. ಕೊಯ್ಲು ಮುಗಿದ ಹೊಲಗಳಲ್ಲಿ ಮೇಯುತ್ತ ಹಡಗಲಿ, ಮೈಲಾರದ ಹೊಳೆದಂಡೆಯವರೆಗೆ ಹೋಗಿ ಮುಂಗಾರಿಗೆ ಮೊದಲು ಮರಳುತ್ತಿದ್ದವು. ಪ್ರತಿ ಹಿಂಡಿಗೆ ಒಬ್ಬ ಮುಂದಾಳು. ಚಾಕು ಇರುತ್ತಿದ್ದದ್ದು ಅವನ ಬಳಿ ಮಾತ್ರ. ಹುಟ್ಟಿದ ಮರಿಯ ಹೊಕ್ಕುಳಬಳ್ಳಿ ಕತ್ತರಿಸುವುದು, ಬೆಳೆದ ಗೊರಸು ಕೊರೆಯುವುದು, ಮುಳ್ಳು ಕೀಳುವುದು ಅದರಿಂದ. ಮರಿಯ ಕಿವಿ ಕೊಯ್ದು ಗುರುತು ಹಾಕುವುದೂ ಅದರಿಂದಲೇ. ಯಾರ ಗುರುತೋ ಅವರ ಮರಿ.

ಅಣ್ಣತಮ್ಮಂದಿರ ಕುರಿಗಳು ಒಂದೇ ಹಿಂಡಿನಲ್ಲಿದ್ದವು. ಮೈಲಪ್ಪ ಎರಡೂ ಮನೆಯ ಮರಿಗಳಿಗೆ ಬೇರೆ ಬೇರೆ ಗುರುತು ಹಾಕುತ್ತಿದ್ದ. ಹುಲುಗಪ್ಪ ಮುಂದಾಳಾದ ಮೇಲೆ ಮಾಳಮ್ಮನ ಕುರಿಗಳು ಐದು ಮರಿ ಹಾಕಿದ್ದವು. ಐದರ ಕಿವಿಗೂ ಬಿದ್ದದ್ದು ಹುಲುಗಪ್ಪನ ಗುರುತು. ಕೇಳಿದರೆ, "ಕತ್ತಲಾಗ ಗೊತ್ತಾಗಲಿಲ್ಲ," ಅಂದಿದ್ದ. ಈಗ ಅವಳ ಅರವತ್ತನಾಲ್ಕು ಕುರಿಗಳಲ್ಲಿ ಇಪ್ಪತ್ತೊಂಬತ್ತು ಗಬ್ಬವಾಗಿದ್ದವು.

ಅವಳು ಹಿಂಡುಗಳನ್ನು ಹೊರಡಿಸುವ ಊರ ಹಿರಿಯ ಏಕಾಂತಪ್ಪನ ಮನೆಗೆ ಹೋದಳು. "ಮಾವಾ, ನನ್ನ ಕುರಿ ಬ್ಯಾರೆ ಮಾಡ್ಕೊಂತೀನಿ. ನಾನ ಮುಂದ ಹೋಗ್ತೀನಿ. ಜತಿಗೆ ನನ್ನ ತಂಗಿ ಎರ್ರಮ್ಮ ಬರ್ತಾಳ."

"ಕೈಯಾಗ ಚಾಕು ಇಲ್ಲದಾಕಿ ಹೆಂಗ ಮುಂದ ಹೋಗ್ತೀಯವ್ವಾ?"

"ತಂದ್ರ?"

ಏಕಾಂತಪ್ಪ ನಕ್ಕ. "ತಾ ನೋಡೂಣು. ನಾಡದ ಮುಂಜಾನಿ ಹಿಂಡು ಹೊರಡ್ತಾವು."

ಮರುದಿನ ಅವಳು ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಹೋದಳು. ಹುಲುಗಪ್ಪನೂ ಅದೇ ಬಸ್ಸಿನಲ್ಲಿದ್ದ. ಹಗ್ಗ ತರಬೇಕು ಎಂದು ಹೇಳಿಕೊಂಡಿದ್ದ. ಆದರೆ ಸಂತೆಯ ಹಗ್ಗದ ಸಾಲನ್ನು ದಾಟಿ, ಅವಳ ಹಿಂದೆಯೇ ಶಿವಯೋಗಪ್ಪನ ಕಬ್ಬಿಣದ ಸಾಮಾನಿನ ಅಂಗಡಿಗೆ ಬಂದು ನಿಂತ.

"ಚಾಕು ತೋರಸ್ರಿ ಸಾವ್ಕಾರ್ರ, ಮಡಚಾದು."

"ಕಾಯಿಪಲ್ಲೆ ಹೆಚ್ಚಾಕ ಈಳಿಗಿ ತಗೋ ಬೇ, ಹೊಸವು ಬಂದಾವು," ಎಂದ ಶಿವಯೋಗಪ್ಪ.

"ಕಾಯಿಪಲ್ಲೆಕ್ಕಲ್ಲ, ಕುರಿ ಹಿಂದ ಹೋಗಾಕ."

"ಗಂಡಸರು ಯಾರೂ ಬರಲಿಲ್ಲೇನು?"

"ಬಂದಾನಲ್ರಿ, ಹಿಂದ ನಿಂತಾನ. ಅವಗ ಹಗ್ಗ ಬೇಕಂತ."

ಶಿವಯೋಗಪ್ಪ ತಗಡಿನ ಡಬ್ಬಿ ತೆಗೆದು ಹೊಳೆಯುವ ಚಾಕು ಒಂದನ್ನು ಮುಂದಿಟ್ಟ. "ಇದು ಪ್ಯಾಟಿ ಮಾಲು. ಇದರಾಗ ಚಮಚಾನೂ ಐತಿ, ಸೋಡಾ ಮುಚ್ಚಳ ತಗಿಯಾದೂ ಐತಿ."

ಮಾಳಮ್ಮ ಅಲಗನ್ನು ಬಿಚ್ಚಿ, ತುದಿ ಹಿಡಿದು ಎಡಕ್ಕೂ ಬಲಕ್ಕೂ ಜಗ್ಗಿದಳು. "ಅಲುಗಾಡತೈತಿ. ಇಷ್ಟೆಲ್ಲ ಸಂಸಾರ ಒಂದ ಮೊಳಿ ಮ್ಯಾಲ ಕುಂತೈತಿ. ನಾ ಅಡವ್ಯಾಗ ಸೋಡಾ ಕುಡಿಯಾಕ ಹೊಂಟಿಲ್ರಿ."

ಎರಡನೆಯದಕ್ಕೆ ಗುಂಡಿಯಿತ್ತು. ಒತ್ತಿದರೆ ಅಲಗು ಟಪ್ಪೆಂದು ಹೊರಬರುತ್ತಿತ್ತು.

"ಇದ ತಗೋ ಅತ್ತಿಗಿ," ಎಂದ ಹುಲುಗಪ್ಪ. "ಸಿನಿಮಾದಾಗಿನ ಕಳ್ಳರಂಗ ಕಾಣ್ತಿ."

"ಕುರಿ ಹಿಂದ ಓಡುವಾಗ ಸೊಂಟದಾಗ ತಾನ ಬಿಚ್ಚಿಕೊಂಡ್ರ, ಹೊಲಿಗಿ ಹಾಕಾಕ ನೀ ಬರ್ತೀಯೇನು?"

ಮೂರನೆಯದರ ಹಿಡಿಕೆ ಹಿತ್ತಾಳೆಯದು. ಅಲಗು ಗಟ್ಟಿಯಾಗಿತ್ತು, ಅಲುಗಾಟವಿರಲಿಲ್ಲ. ಅವಳು ಅಂಗಡಿಯವನಿಂದ ಒಂದು ಹನಿ ಹರಳೆಣ್ಣೆ ಕೇಳಿ ಅಂಗೈಗೆ ಸವರಿಕೊಂಡು, ಹಿಡಿಕೆಯನ್ನು ಹಿಡಿದು ಅಲಗಿನ ತುದಿಯನ್ನು ಹಲಗೆಗೆ ಒತ್ತಿದಳು. ಕೈ ಅಲಗಿನ ಕಡೆಗೆ ಜಾರಿತು. "ಮರಿ ಹುಟ್ಟಿದಾಗ ಕೈತುಂಬ ಲೋಳಿ ಇರ್ತೈತಿ. ಇದನ್ನ ಹಿಡದ್ರ ಬಳ್ಳಿಗಿಂತ ಮೊದ್ಲ ನನ್ನ ಬೊಟ್ಟು ಹೋಗತೈತಿ."

ಡಬ್ಬಿಯ ತಳದಲ್ಲಿ ಕಪ್ಪು ಕಟ್ಟಿಗೆಯ ಹಿಡಿಕೆಯ ಒಂದು ಚಾಕು ಬಿದ್ದಿತ್ತು. ನಾಲ್ಕು ಬೆರಳಿನಷ್ಟು ಅಲಗು, ಅದರ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ.

"ಅದು ಬ್ಯಾಡ ಬೇ, ತುಕ್ಕು ಹಿಡೀತೈತಿ."

"ತುಕ್ಕು ಹಿಡಿಯೋ ಉಕ್ಕಿಗೆ ಯಾವ ಕಲ್ಲಿನ ಮ್ಯಾಲ ತಿಕ್ಕಿದ್ರೂ ಮೊನಿ ಬರತೈತಿ. ಹೊಳಿಯೋ ಅಲಗಿಗೆ ಅಡವ್ಯಾಗ ಸಾಣಿ ಎಲ್ಲಿ ಹುಡುಕ್ಲಿ?"

ಎಣ್ಣೆಗೈಯಲ್ಲೇ ಹಿಡಿದು ಒತ್ತಿದಳು. ಜಾರಲಿಲ್ಲ. ಆಮೇಲೆ ಅಲಗು ಮಡಚಿ, ತನ್ನ ಚೀಲವನ್ನು ಮರಿಯಂತೆ ಎಡಕಂಕುಳಲ್ಲಿ ಅವುಚಿಕೊಂಡು, ಉಗುರು ಸಿಕ್ಕಿಸಲು ಅಲಗಿನ ಬೆನ್ನಿಗಿದ್ದ ಗೀರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಕೆಯನ್ನು ಎಳೆದಳು. ಚಾಕು ಕಟಕ್ಕೆಂದು ಬಿಚ್ಚಿಕೊಂಡಿತು.

ಶಿವಯೋಗಪ್ಪ ಎದ್ದು ನಿಂತ. "ಏನ್ ಬೇ ಇದು! ಬಾಯಾಗ ಇಟ್ಕೊಂಡಿ! ಎಂಜಲ ಮಾಡಿದ್ದನ್ನ ಇನ್ಯಾರು ತಗೋತಾರ?"

"ನಾ ತಗೋತೀನಿ. ಒಂದ ಕೈಯಾಗ ಮರಿ ಇದ್ರ ಚಾಕು ಬಿಚ್ಚಾದು ಹಲ್ಲಿನಿಂದಾನ. ಅಂಗಡ್ಯಾಗ ಬಿಚ್ಚದ್ದು ಅಡವ್ಯಾಗ ಬಿಚ್ಚತೈತೇನ್ರಿ? ಆ ಮೂರಕ್ಕ ಬಾಯಿ ಹಚ್ಚಾಕೂ ಮನಸ್ಸಾಗಲಿಲ್ಲ."

ಹುಲುಗಪ್ಪ ಈಗ ನಗುತ್ತಿರಲಿಲ್ಲ. "ಚಾಕು ಕೊಂಡ್ರ ಮುಗೀತೇನು? ಮನಿ ಗಂಡಸು ಅದನ್ನ ಕಂಬಳಿ ಮ್ಯಾಲ ಇಡಬೇಕು, ಆಮ್ಯಾಲ ಮುಂದಾಳು ಆಗಾವ ಎತ್ತಬೇಕು. ಅಣ್ಣ ಇಲ್ಲ. ನಾ ಇಡಂಗಿಲ್ಲ. ಯಾರು ಇಡ್ತಾರ ನಿನಗ?"

"ನಿನಗ ಯಾರು ಇಟ್ಟಿದ್ರು, ಹುಲುಗಪ್ಪ?"

ಅವಳು ದುಡ್ಡು ಕೊಟ್ಟು, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದಳು.

ಮರುದಿನ ಬೆಳಿಗ್ಗೆ ಊರ ಹೊರಗಿನ ಬಯಲಿನಲ್ಲಿ ಏಕಾಂತಪ್ಪ ಕಂಬಳಿ ಹಾಸಿದ. ಮೂವರು ಗಂಡಸರು ಒಬ್ಬೊಬ್ಬರಾಗಿ ಮುಂದೆ ಬಂದು ಅದರ ಮೇಲಿದ್ದ ತಮ್ಮ ಚಾಕು ಎತ್ತಿಕೊಂಡರು. ಮೂರನೆಯವನು ಹುಲುಗಪ್ಪ. ಏಕಾಂತಪ್ಪ ಕಂಬಳಿ ಮಡಚಲು ಬಗ್ಗಿದ.

"ತಡೀರಿ ಮಾವಾ."

ಮಾಳಮ್ಮ ಮುಂದೆ ಬಂದು ತನ್ನ ಚಾಕುವನ್ನು ಕಂಬಳಿಯ ಮೇಲೆ ಇಟ್ಟಳು. ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಮುಂದೆ ಬಂದು ಎತ್ತಿಕೊಂಡಳು.

"ಇಟ್ಟಾಕಿ ನಾನು, ಎತ್ತಿದಾಕಿನೂ ನಾನು. ಬ್ಯಾಡ ಅನ್ನೋರು ಈಗ ಅನ್ರಿ. ದಾರ್ಯಾಗ ಬಂದು ಅನಬ್ಯಾಡ್ರಿ."

"ಹಿಂಗ ಎಲ್ಲೈತಿ ಪದ್ಧತಿ? ಹೇಳ್ರಿ ಯಜಮಾನ್ರ!" ಹುಲುಗಪ್ಪ ಕೂಗಿದ.

ಏಕಾಂತಪ್ಪ ಬಗ್ಗಿದ್ದವನು ನೆಟ್ಟಗಾದ. ಬೇರೆ ಮಾಡಿ ನಿಲ್ಲಿಸಿದ್ದ ಅವಳ ಹಿಂಡನ್ನು ನೋಡಿದ. ಉಳಿದ ಮೂವರನ್ನು ಕೇಳಿದ್ದನ್ನೇ, ಮುಂದಾಳನ್ನಷ್ಟೇ ಕೇಳುವುದನ್ನೇ ಅವಳನ್ನೂ ಕೇಳಿದ:

"ಯಾವ ದಾರಿ ಹಿಡೀತಿ?"

"ಹಗರಿಬೊಮ್ಮನಹಳ್ಳಿ ಮ್ಯಾಲೆ."

"ಇವ್ರೆಲ್ಲ ಕೊಟ್ಟೂರ ಕಡಿಗೆ ಹೊಂಟಾರಲ್ಲ."

"ಅಲ್ಲಿ ಕೊಯ್ದ ಜ್ವಾಳ ಮತ್ತ ಚಿಗತೈತಿ. ನಿನ್ನೆ ಬಸ್ಸಿನ್ಯಾಗ ಕುಂತು ಎರಡೂ ಕಡಿ ನೋಡ್ಕೊಂತ ಹೋಗೀನಿ. ಆ ಎಳೆ ಚಿಗುರು ಮೇದ ಕುರಿ ವಿಷ ಏರಿ ನಿಂತಲ್ಲೇ ಬೀಳ್ತಾವು. ಅವರಿಗೂ ಹೇಳೀನಿ. ಕೇಳಿದ್ರ ಕೇಳ್ಲಿ, ಬಿಟ್ರ ಬಿಡ್ಲಿ. ನನ್ನ ಕುರಿ ಆ ಕಡಿ ಬರಂಗಿಲ್ಲ."

ಇಬ್ಬರು ಮುಂದಾಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲುಗಪ್ಪ ಹಗರಿಬೊಮ್ಮನಹಳ್ಳಿ ಕಡೆಯ ಬಂಡಿಜಾಡಿನ ನಡುವೆ ಹೋಗಿ ಕೋಲೂರಿ ನಿಂತ.

ಏಕಾಂತಪ್ಪ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ದಾರಿ ಬಿಡಪಾ ಹುಲುಗಪ್ಪ," ಎಂದ. "ಆಕಿ ಹಿಂಡು ಹೊಂಟೈತಿ."