ಉಗುರುಬಣ್ಣದ ಚುಕ್ಕಿ

ಬೆಳಿಗ್ಗೆ ಎಂಟೂವರೆಗೆ ನೀರುನಾಯಿ ಬಂತು. ಚಿತ್ರ ಕೆಟ್ಟಿತು.

ತಾಯಿ ನೀರುನಾಯಿ ಬಂಡೆಯ ಮೇಲೆ ಹಿಂಗಾಲಲ್ಲಿ ನಿಂತು ದಡದ ಕಡೆ ಕತ್ತು ಚಾಚಿತ್ತು. ಬಂಡೆಯ ಬುಡದಲ್ಲಿ, ನೀರಿನೊಳಗೆ, ಎರಡು ಮರಿಗಳು ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತಿದ್ದವು. ಕೆರೆಯಂಚಿನಲ್ಲಿ ಕಟ್ಟಿದ ಹಸಿರು ಬಟ್ಟೆಯ ಮರೆಯೊಳಗೆ ಕೂತಿದ್ದ ಫೋಟೋಗ್ರಾಫರ್ ಟ್ರೈಪಾಡ್ ಮೇಲಿನ ತಿರುಪು ಸಡಿಲಿಸಿ, ಅಡ್ಡ ಇದ್ದ ಕ್ಯಾಮೆರಾವನ್ನು ಲೆನ್ಸಿನ ಸಮೇತ ನೇರಕ್ಕೆ ಹೊರಳಿಸಿ ಗುಂಡಿ ಒತ್ತಿದಳು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯಿತು. ತಾಯಿ ನೀರಿಗೆ ಜಾರಿತು, ಮರಿಗಳು ಅದರ ಹಿಂದೆ ಹೋದವು.

"ಸಿಕ್ತಾ?" ಪಕ್ಕದಲ್ಲಿದ್ದ ಗಂಡ ಪಿಸುಗುಟ್ಟಿದ. ರೈಲು ಚಾಲಕನಾಗಿ ನಿವೃತ್ತನಾದ ಮೇಲೆ ಅವಳ ಟ್ರೈಪಾಡ್ ಹೊರುವ ಕೆಲಸಕ್ಕೆ ಸೇರಿಕೊಂಡವನು ಅವನು. ಸಂಬಳ ಇಲ್ಲ, ಬೈಗುಳ ಮಾತ್ರ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

"ಸಿಕ್ತು ಅನ್ಸುತ್ತೆ. ನೀವೇ ನೋಡಿ, ನಂಗೆ ಕತ್ತು ನೋಯ್ತಿದೆ."

ಈಚೆಗೆ ಚಿತ್ರ ನೋಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಏನಾದರೊಂದು ನೋಯುತ್ತಿತ್ತು. ಗಂಡ ಕ್ಯಾಮೆರಾದ ಹಿಂದಿನ ತೆರೆಗೆ ಕೈ ಅಡ್ಡ ಹಿಡಿದು ನೋಡಿದ.

"ತಾಯಿ ಬಂದಿದಾಳೆ, ಮೀಸೆ ಸಮೇತ. ಮಕ್ಕಳು ನಾಪತ್ತೆ."

ನೀರೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಹೋದ ವಾರ ಪ್ರಕಾಶಕಿ ಫೋನಿನಲ್ಲಿ ಹೇಳಿದ್ದೂ ಇದನ್ನೇ: ಅಡ್ಡ ಚಿತ್ರಗಳೆಲ್ಲ ಬಂಗಾರ, ಕ್ಯಾಮೆರಾ ನೇರಕ್ಕೆ ಹೊರಳಿಸಿ ತೆಗೆದ ನಿಂತ ಚಿತ್ರಗಳು ಮಾತ್ರ ಸುಣ್ಣ. ಕೆರೆಯ ಬಗ್ಗೆ ಅವಳು ವರ್ಷಗಟ್ಟಲೆ ತೆಗೆದ ಚಿತ್ರಗಳ ಪುಸ್ತಕ ಅಚ್ಚಿಗೆ ಸಿದ್ಧವಾಗಿತ್ತು. ಮುಖಪುಟಕ್ಕೆ ನಿಂತ ಚಿತ್ರವೇ ಬೇಕು, ತಿಂಗಳ ಕೊನೆಯೊಳಗೆ ಬೇಕು. ಇಲ್ಲದಿದ್ದರೆ ಬೇರೆಯವರದ್ದನ್ನು ಹಾಕುತ್ತೇವೆ ಎಂದು ಪ್ರಕಾಶಕಿ ಬಹಳ ಮರ್ಯಾದೆಯಿಂದಲೇ ಹೇಳಿದ್ದಳು.

ನೀರಿನ ಮೇಲೆ ಬಿದ್ದ ಆಕಾಶದ ಹೊಳಪನ್ನು ಪೋಲರೈಸರ್ ಫಿಲ್ಟರ್ ತೆಗೆಯುತ್ತದೆ. ಅವಳ ಉದ್ದ ಲೆನ್ಸಿನಲ್ಲಿ ಅದು ಹಿಂಬದಿಯ ಸಣ್ಣ ಗೂಡಿನಲ್ಲಿ ಕೂರುತ್ತದೆ. ಪಕ್ಕದ ಹಲ್ಲುಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳಪು ಕರಗಿ ನೀರಿನ ಒಳಗು ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಕಣ್ಣೇ ಹೇಳಬೇಕು. ಕ್ಯಾಮೆರಾ ಹೊರಳಿಸಿದರೆ ಫಿಲ್ಟರೂ ಅದರ ಜೊತೆ ಹೊರಳುತ್ತದೆ, ತೆಗೆದ ಹೊಳಪು ಮರಳಿ ಬರುತ್ತದೆ, ಚಕ್ರವನ್ನು ಮತ್ತೆ ತಿರುಗಿಸಬೇಕು. ಹೊಳಪು ಮುಚ್ಚಿದ್ದನ್ನು ಆಮೇಲೆ ಯಾವ ಕಂಪ್ಯೂಟರೂ ಬಿಡಿಸಿಕೊಡುವುದಿಲ್ಲ.

"ಕ್ಯಾಮೆರಾ ಹೊರಳಿಸಿದ ಮೇಲೆ ಚಕ್ರ ತಿರುಗಿಸಿದ್ಯಾ?"

"ತಿರುಗಿಸಿದೆ."

"ಇಲ್ಲ. ಪಕ್ಕದಲ್ಲೇ ಕೂತಿದೀನಲ್ಲ."

"ಅಬ್ಬಾ, ರೈಲು ಓಡಿಸೋರು ನಂಗೆ ಫಿಲ್ಟರ್ ಪಾಠ ಹೇಳ್ತಿದಾರೆ."

"ಪಾಠ ನಿಂದೇ. ಕಲಿಯೋಕೆ ಬಂದೋರಿಗೆಲ್ಲ ಮೊದಲನೇ ದಿನ ಇದನ್ನೇ ಹೇಳ್ತಿದ್ದೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ." ಅವನು ಬಾಗಿ ಚಕ್ರವನ್ನು ನೋಡಿದ. ಹಲ್ಲುಗಳ ನಡುವೆ ಕೆಂಪು ಉಗುರುಬಣ್ಣದ ಒಂದು ಚುಕ್ಕಿ ಇತ್ತು, ಬೆರಳಿಗೆ ತಾಗುವಷ್ಟು ದಪ್ಪ. "ಮದುವೆ ದಿನವೂ ಉಗುರಿಗೆ ಬಣ್ಣ ಹಚ್ಚದೋಳು ನೀನು. ಇದಕ್ಕೇನೇ ಅಲಂಕಾರ?"

"ಗುರುತಿಗೆ. ಅಡ್ಡ ಚಿತ್ರಕ್ಕೆ ಚಕ್ರ ಎಲ್ಲಿ ನಿಲ್ಬೇಕು ಅಂತ."

"ಕಣ್ಣಿರೋರಿಗೆ ಗುರುತು ಯಾಕೆ?"

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತಣ್ಣಗಾದ ಚಹಾ ಸುರಿದುಕೊಂಡಳು. ಒಂದಿಷ್ಟು ಮೊಣಕಾಲ ಮೇಲೆ ಚೆಲ್ಲಿತು.

"ನಮ್ಮಲ್ಲೊಬ್ಬ ಡ್ರೈವರ್ ಇದ್ದ," ಗಂಡ ಶುರುಮಾಡಿದ. "ವರ್ಷಾವರ್ಷ ಕಣ್ಣಿನ ಪರೀಕ್ಷೆ ಇರ್ತಿತ್ತಲ್ಲ, ಅವನು ಅಕ್ಷರದ ಪಟ್ಟಿಯನ್ನೇ ಬಾಯಿಪಾಠ ಮಾಡ್ಕೊಂಡಿದ್ದ. ಮಗ್ಗಿ ಒಪ್ಪಿಸಿದ ಹಾಗೆ ಗಡಗಡ ಒಪ್ಪಿಸೋನು. ಒಂದು ಸಲ ಡಾಕ್ಟ್ರು ಪಟ್ಟಿ ಬದಲಾಯಿಸಿಬಿಟ್ರು. ಇವನು ಹಳೇದನ್ನೇ ಒಪ್ಪಿಸ್ದ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

"ನಿಂದು ಯಾವ ಕಣ್ಣು?" ಗಂಡ ಕೇಳಿದ.

"ಬಲಗಣ್ಣು." ಅವಳು ಚಹಾ ಕೆಳಗಿಟ್ಟಳು. "ನೀರೊಂದೇ ಅಲ್ಲ ರೀ. ಮರ, ಬಂಡೆ, ನಿಮ್ಮ ಮುಖ, ಎಲ್ಲದರ ಮೇಲೂ ಹೊಳಪು ಕೂತಿದೆ. ಎಷ್ಟು ತಿರುಗಿಸಿದ್ರೂ ಹೋಗಲ್ಲ."

"ಎಡಗಣ್ಣಿಟ್ಟು ನೋಡಬಾರದಾ?"

"ಎಡಗೈಯಲ್ಲಿ ಸಹಿ ಹಾಕಿದ ಹಾಗಾಗುತ್ತೆ. ನೀರುನಾಯಿ ಮುಖ ಹುಡುಕೋದ್ರೊಳಗೆ ಅದು ಊರು ಬಿಟ್ಟಿರುತ್ತೆ."

"ಪೊರೆ ಇರಬೇಕು. ತೆಗೆದ್ರೆ ಹೋಗುತ್ತೆ."

"ಪೊರೆ ತೆಗೆಸ್ಕೊಂಡು ನಾನು ಎದ್ದು ಬರೋದ್ರೊಳಗೆ ಮರಿಗಳು ದೊಡ್ಡವಾಗಿರ್ತವೆ. ನನ್ನ ಪುಸ್ತಕ ಬೇರೆಯೋರ ಮುಖ ಹೊತ್ಕೊಂಡು ಬರುತ್ತೆ." ಅವಳ ದನಿಯಲ್ಲಿ ಜಗಳ ಇರಲಿಲ್ಲ. ಅಷ್ಟು ಶಕ್ತಿ ಉಳಿದಿರಲಿಲ್ಲ.

ಬಿಸಿಲು ಏರಿತು. ಬಟ್ಟೆಯ ಮರೆಯೊಳಗೆ ಧಗೆ ತುಂಬಿತು. ಹತ್ತರ ಹೊತ್ತಿಗೆ ನೀರಿನಲ್ಲಿ ಗುಳ್ಳೆಗಳ ಸಾಲು ಕಂಡಿತು. ತಾಯಿ ಬಂಡೆ ಹತ್ತಿತು.

ಅವಳು ಕ್ಯಾಮೆರಾವನ್ನು ನೇರಕ್ಕೆ ಹೊರಳಿಸಿದಳು. ಆಮೇಲೆ, ಮದುವೆಯಾದಾಗಿನಿಂದ ಒಮ್ಮೆಯೂ ಮಾಡದ ಕೆಲಸ ಮಾಡಿದಳು: ಪಕ್ಕಕ್ಕೆ ಸರಿದು, ಕ್ಯಾಮೆರಾಕ್ಕೆ ಕಣ್ಣಿಡಲು ಗಂಡನಿಗೆ ಜಾಗ ಕೊಟ್ಟಳು. ಗುಂಡಿಯ ಮೇಲೆ ಒಂದು, ಚಕ್ರದ ಮೇಲೆ ಇನ್ನೊಂದು, ಕೈಗಳು ಮಾತ್ರ ಅವಳವೇ ಇದ್ದವು.

"ಹೇಳಿ."

"ಇನ್ನೂ. ಇನ್ನೂ ಸ್ವಲ್ಪ. ಹಾಂ, ಕಂಡವು! ಎರಡೂ ಕಂಡವು. ತಳದ ಕಲ್ಲೂ ಕಾಣ್ತಿದೆ ಕಣೇ. ನೀರೇ ಇಲ್ಲವೇನೋ, ಗಾಳೀಲಿ ತೇಲ್ತಿವೆಯೇನೋ ಅನ್ಸುತ್ತೆ."

ಪ್ರಕಾಶಕಿ ಕೇಳಿದ್ದು ಅಂಥದ್ದನ್ನೇ. ಹೆಬ್ಬೆರಳು ಒಂದು ಕ್ಷಣ ನಿಂತಿತು, ಆಮೇಲೆ ಚಕ್ರವನ್ನು ಹಿಂದಕ್ಕೆ ಸರಿಸಿತು.

"ಅಯ್ಯೋ, ಏನ್ಮಾಡ್ತಿದೀಯ? ಮೇಲೆ ಬೆಳ್ಳಗೆ ಬಂತು. ಹಿಂದಿನ ಮರಿ ಮಸುಕಾಯ್ತು."

"ಮುಂದಿಂದು?"

"ಕಾಣ್ತಿದೆ."

"ಅಷ್ಟಿರಲಿ. ನೀರಲ್ಲಿವೆ ಅಂತ ಗೊತ್ತಾಗ್ಬೇಕು. ತಾಯಿ ಈ ಕಡೆ ತಿರುಗಿದ ತಕ್ಷಣ ಹೇಳಿ."

"ತಿರುಗ್ತಿದೆ... ಈಗ."

ಅವಳು ಒತ್ತಿದಳು.

ಒಂದೇ ಮರಿ ಸರಿಯಾಗಿ ಕಾಣುತ್ತದಲ್ಲ ಎಂದು ಪ್ರಕಾಶಕಿ ಗೊಣಗಿದಳು. ಎರಡು ದಿನ ಬಿಟ್ಟು ಅದನ್ನೇ ಮುಖಪುಟಕ್ಕೆ ತೆಗೆದುಕೊಂಡಳು.

ಗುರುವಾರ ಕಣ್ಣಿನ ಆಸ್ಪತ್ರೆಯಲ್ಲಿ ಅವಳನ್ನು ಅಕ್ಷರದ ಪಟ್ಟಿಯ ಎದುರು ಕೂರಿಸಿದರು. ಗಂಡ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಮೊದಲು ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಎಡಗಣ್ಣು ಮುಚ್ಚಿ ಅದೇ ಪಟ್ಟಿಯನ್ನು ಮತ್ತೆ ಓದಲು ಹೇಳಿದರು. ಅಕ್ಷರಗಳು ಇನ್ನೂ ನೆನಪಿನಲ್ಲಿದ್ದವು. ಮೊದಲ ಸಾಲು ಓದಿ ನಿಲ್ಲಿಸಿದಳು.

"ಮುಂದಿನದು?" ಡಾಕ್ಟರ್ ಕೇಳಿದರು.

"ಕಾಣಿಸ್ತಿಲ್ಲ," ಎಂದಳು.