ಹುಲಿಗೆಪ್ಪ ಕತ್ತರಿಸಿದ ದಾರ

ಪರದೆಯ ಹಿಂದೆ ಹುಲಿಗೆಪ್ಪನನ್ನು ಪರೀಕ್ಷಿಸಿ ಹೊರಬಂದ ಡಾಕ್ಟರ್ ಋಷಿಕೇಶ ಕೈಗವಸು ಕಳಚುತ್ತ, "ಅನುಜಾ, ದಾರಾನ ಇಲ್ಲ" ಎಂದರು. ನನ್ನ ತಲೆ ಕೆಟ್ಟುಹೋಯಿತು.

ಆ ದಾರಕ್ಕಾಗಿ ಎರಡು ವರ್ಷ ನಿದ್ದೆಗೆಟ್ಟವಳು ನಾನು. ಕಿಡ್ನಿಯ ಕಲ್ಲು ತೆಗೆದ ಮೇಲೆ ಮೂತ್ರನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುತ್ತಾರೆ. ಕೆಲವು ದಿನಗಳ ನಂತರ ಅದನ್ನು ತೆಗೆಯಲು ಮೂತ್ರದ್ವಾರದಿಂದಲೇ ದುರ್ಬೀನು, ಅಂದರೆ ಎಂಡೋಸ್ಕೋಪಿನ ನಳಿಕೆ, ತೂರಿಸಬೇಕು. ಒಮ್ಮೆ ಅನುಭವಿಸಿದ ಗಂಡಸರು ಅದರ ಮಾತೆತ್ತಿದರೆ ತೊಡೆ ಕೂಡಿಸಿ ಕೂರುತ್ತಾರೆ. ನಾನು ರೂಪಿಸಿದ ನಮ್ಮ ಕಂಪನಿಯ ಸ್ಟೆಂಟಿಗೆ ಮೆತ್ತನೆಯ ಕರಿ ದಾರವಿದೆ, ಅದರ ತುದಿ ಮೈಯ ಹೊರಗೆ ಉಳಿಯುತ್ತದೆ. ಐದನೆಯ ದಿನ ನರ್ಸ್ ನಿಧಾನವಾಗಿ ಎಳೆದರೆ ಮುಗಿಯಿತು, ದುರ್ಬೀನಿನ ಹಂಗಿಲ್ಲ. ಪುಣೆಯ ಈ ಆಸ್ಪತ್ರೆಯ ಪ್ರಯೋಗದಲ್ಲಿ ಹದಿನಾರು ಜನರಿಗೆ ಅದು ಸಲೀಸಾಗಿ ಹೊರಬಂದಿತ್ತು.

ಹುಲಿಗೆಪ್ಪ ಹದಿನೇಳನೆಯವನು. ಕೊಪ್ಪಳದ ಕಡೆಯವನು, ಇಲ್ಲಿಯ ಖಡಕಿಯಲ್ಲಿ ಕಟ್ಟಡಗಳ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಾನೆ. ಹೋದ ವರ್ಷ ದುರ್ಬೀನಿನ ರುಚಿ ಕಂಡವನು, ಈ ಸಲ ನೋವಿನಿಂದ ಹೊರಳಾಡುತ್ತಿದ್ದರೂ ಆಪರೇಶನ್ ಬೇಡವೆಂದು ಹಟ ಹಿಡಿದಿದ್ದ.

"ತೆಗೆಯೂ ಮುಂದ ಆ ದುರ್ಬೀನಿನ ಪೈಪು ಹಾಕೂದಿಲ್ಲಂತ ಆಣಿ ಮಾಡ್ರಿ ಅಕ್ಕಾರ" ಎಂದಿದ್ದ. ನಾನು ಧಾರವಾಡದವಳು, ನಮ್ಮ ಮಾತಿನವನೆಂಬ ಸಲಿಗೆಯಲ್ಲಿ, ನನ್ನ ದಾರದ ಜಂಬದಲ್ಲಿ, ಆಣೆ ಮಾಡಿಬಿಟ್ಟೆ.

ಇವತ್ತು ಐದನೆಯ ದಿನ. ಪರದೆ ಸರಿಸಿ ಕೇಳಿದೆ. "ಹುಲಿಗೆಪ್ಪಾ, ದಾರ ಏನಾತು?"

"ಕತ್ತರಿಸೀನ್ರಿ. ಊರಾಗ ಕಾಕಾ ತೀರಿಕೊಂಡಿದ್ರು. ನಿನ್ನೆ ಸೂತಕ ಕಳೀತು, ಜಳಕಾ ಮಾಡಿ ಉಡದಾರ ಬದಲ ಮಾಡಿದೆ. ಸೂತಕದಾಗಿನ ದಾರ ಒಂದೂ ಮೈಮ್ಯಾಲ ಇರಬಾರದಲ್ರಿ. ಅದಕ್ಕ ಅದನ್ನೂ ಬುಡಕ್ಕ ಕತ್ತರಿಸಿದೆ."

"ನಾ ಏನು ಹೇಳಿದ್ದೆ ನಿನಗ?"

"ಎಳೀಬ್ಯಾಡ ಅಂದಿದ್ರಿ. ನಾ ಎಳದಿಲ್ರಿ."

ಹೌದು, ಅಷ್ಟೇ ಹೇಳಿದ್ದೆ. ಸ್ನಾನ, ಸೈಕಲ್, ಭಾರ ಎತ್ತುವುದು ಎಲ್ಲವನ್ನೂ ಸೂಚನೆಯ ಹಾಳೆಯಲ್ಲಿ ಮೂರು ಭಾಷೆಯಲ್ಲಿ ಅಚ್ಚು ಹಾಕಿಸಿದ್ದೆ. ಉಡದಾರದ ಮಾತೇ ಇರಲಿಲ್ಲ. ಅಜ್ಜ ಹೋದಾಗ ಸೂತಕ ಕಳೆದ ದಿನ ಅಪ್ಪ ಹೊಸ ಉಡದಾರ ಕಟ್ಟಿಕೊಂಡು ಬಚ್ಚಲಿನಿಂದ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಯಾರ ಮೇಲೆ ಸಿಟ್ಟಾಗಲಿ? ಅವನ ಮೇಲೇ ಆದೆ, ಅದು ಸುಲಭವಿತ್ತು.

"ಒಂದು ಮಾತು ಕೇಳಲಿಕ್ಕೆ ಏನಾಗಿತ್ತು? ನಂಬರ್ ಕೊಟ್ಟಿದ್ದಿಲ್ಲೇನು?"



ಋಷಿಕೇಶ ಪ್ರಯೋಗದ ಫಾರ್ಮಿನಲ್ಲಿ 'ರೋಗಿ ಸೂಚನೆ ಪಾಲಿಸಲಿಲ್ಲ' ಎಂದು ಬರೆದು ನನ್ನೆದುರು ಸರಿಸಿದರು. "ಸಹಿ ಮಾಡ್ರಿ. ಹಿಂಗ ಬರದ್ರ ನಿಮ್ಮ ಸ್ಟೆಂಟಿಗೆ ಕುಂದಿಲ್ಲ. ನಾ ದುರ್ಬೀನು ಹಾಕಿ ತೆಗೀತೀನಿ." ನಾನು ಪೆನ್ನು ತೆಗೆದೆ. ಎರಡು ವರ್ಷದ ಕೆಲಸ ಉಳಿಯುತ್ತದೆಂದು ಒಳಗೊಳಗೇ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ನರ್ಸ್ ಹುಲಿಗೆಪ್ಪನಿಗೆ ಹಸಿರು ಗೌನು ತೊಡಿಸಿ, ಒಳಗೆ ಹೋಗುವಾಗ ಮೈಮೇಲೆ ಏನೂ ಇರಬಾರದೆಂದು ಮರಾಠಿಯಲ್ಲಿ ಹೇಳಿ ಕೈಗೆ ಕತ್ತರಿ ಕೊಟ್ಟಳು. ದುರ್ಬೀನಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಗೌನಿನ ಸಂದಿಯಿಂದ ಹೊಸ ಉಡದಾರ ಎಳೆದು ಹಿಡಿದ. ನನ್ನ ಆಣೆಯ ಮಾತನ್ನು ಅವನು ಎತ್ತಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಇದನ್ನ ಕತ್ತರಿಸ್ಲೇನ್ರಿ, ಅಕ್ಕಾರ?"

ಫಾರ್ಮಿನಲ್ಲಿ 'ಪಾಲಿಸಲಿಲ್ಲ' ಎಂಬುದನ್ನು ಹೊಡೆದುಹಾಕಿದೆ. 'ಪಾಲಿಸಿದ್ದಾನೆ. ನಾವು ಕೊಟ್ಟ ಸೂಚನೆಯೇ ಸಾಲದು' ಎಂದು ಬರೆದು ಸಹಿ ಮಾಡಿದೆ.