ಮುಂದಿನ ಸಾಲಿನ ಬೆಳಕು

ಶೋಭಾರಾಣಿ ನಾಟಕಗಳಿಗೆ ದೀಪ ಹಾಕುವ ಕೆಲಸ ಹಿಡಿದಾಗ ಚಹಾ ಬೆಟ್ಟದ ಸೋಲೂರು ಕಡೆಯ ಅವಳ ಹಟ್ಟಿಯವರು ನಕ್ಕಿದ್ದರು. ಹೆಣ್ಣುಮಗಳು ಏಣಿ ಹತ್ತಿ ವೈರು ಎಳೆಯುವುದೂ ಒಂದು ಉದ್ಯೋಗವೇ? ಆದರೂ ಮೈಸೂರು, ಮದರಾಸು ಎಂದು ಇಪ್ಪತ್ತು ವರ್ಷ ಅವಳು ಏಣಿ ಹತ್ತಿದಳು. ನಡುನಡುವೆ ಕೊಳೆಗೇರಿಯ ಹೆಂಗಸರನ್ನು ಕೂಡಿಸಿಕೊಂಡು ಗೋಡೆಗೆ ಚಿತ್ರ ಬರೆದಳು, ಹಳೆ ಸೀರೆಗಳನ್ನು ಹೊಲಿದು ಪರದೆ ಮಾಡಿದಳು, ಅವರ ಬದುಕನ್ನು ಅವರಿಂದಲೇ ನಾಟಕವಾಗಿ ಆಡಿಸಿದಳು. ಪತ್ರಿಕೆಯವರು ದೊಡ್ಡ ಕಲಾವಿದೆ ಎಂದು ಬರೆದರು. ಹಿತ್ತಲ ಗಿಡ ಮದ್ದಲ್ಲ, ಹಟ್ಟಿಯವರಿಗೆ ಅವಳು 'ಲೈಟು ಶೋಭಾ' ಅಷ್ಟೆ.

ಎರಡು ಸಾವಿರದ ಒಂದರಲ್ಲಿ ಅವಳು ಅದೇ ಹಟ್ಟಿಗೆ ಬಂದು, ಚಹಾ ಎಲೆ ಕೊಯ್ಯುವ ಹೆಂಗಸರಿಂದ ನಾಟಕ ಕಟ್ಟಿಸಿದಳು. ಅದರ ತಿರುಳು ಲಿಂಗಾಜಮ್ಮನ ಕಥೆ. ಗಂಡ ಸತ್ತ ವರ್ಷವೇ ಅವನ ಅಣ್ಣ ಸಿದ್ದಯ್ಯ ಅವಳ ಚಹಾ ತೋಟಕ್ಕೆ ಬೇಲಿ ಹಾಕಿಕೊಂಡಿದ್ದ. ಪಂಚಾಯಿತಿಯಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮುತ್ತ ಎದ್ದು ಹೋಗುತ್ತಿದ್ದ. ಆಮೇಲೆ ಕೇಳಿದರೆ "ನಾ ಏನೂ ಕೇಳಲಿಲ್ಲೆ" ಎನ್ನುತ್ತಿದ್ದ. ಅಂಥ ಜಾಣ ಕಿವುಡು. ಒಂದು ಸಲವಾದರೂ ಊರೆಲ್ಲ ನೋಡುತ್ತಿರುವಾಗ ಅವನು ಕೂತು ಕೇಳಬೇಕು ಎಂಬುದೊಂದೇ ಲಿಂಗಾಜಮ್ಮನ ಆಸೆ. ನಾಟಕಕ್ಕೆ ಒಪ್ಪಿದ್ದೂ ಅದಕ್ಕೇ.

ತೊಡಕು ಬಂದದ್ದು ಬಟ್ಟೆಯಿಂದ. ಹಟ್ಟಿಯ ಹೆಂಗಸರದು ಮೈಗೆ ಸುತ್ತುವ ಬಿಳಿ ಮುಂಡು, ತಲೆಗೂ ಬಿಳಿ ಬಟ್ಟೆ. ಅಚ್ಚ ಬಿಳುಪು ದೀಪ ಹಾಕುವವರಿಗೆ ಶತ್ರು. ಬೆಳಕು ಬಿದ್ದೊಡನೆ ಬಟ್ಟೆಯೇ ಹೊಳೆದು ಮುಖ ಕಪ್ಪಾಗುತ್ತದೆ, ಆ ಬೆಳಕು ತಿರುಗಿ ಬೇಡದ ಕಡೆಗೆಲ್ಲ ಚೆಲ್ಲುತ್ತದೆ. ಅದಕ್ಕೆ ರಂಗದವರು ಬಿಳಿ ಬಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಮಂಕು ಮಾಡುತ್ತಾರೆ. ಶೋಭಾ ಎಲ್ಲ ಕಡೆ ಹಾಗೇ ಮಾಡಿದ್ದಳು. ಇಲ್ಲೂ ದೊಡ್ಡ ಹಂಡೆಯಲ್ಲಿ ಚಹಾ ಕುದಿಸಿಟ್ಟು, "ಬಟ್ಟೆ ಕೊಡಿ ಅತ್ತೆ" ಎಂದಳು.

ಲಿಂಗಾಜಮ್ಮ ಹಂಡೆಯನ್ನೂ ಅವಳನ್ನೂ ನೋಡಿದಳು.

"ಎಲೆ ಕೊಯ್ದು ಕೊಯ್ದು ಕೈ ಕಪ್ಪಾಗಿದೆ, ನೋಡು. ಈ ಕರೆ ಬಟ್ಟೆಗೆ ಹತ್ತಬಾರದು ಅಂತ ಜನ್ಮವೆಲ್ಲ ಜೋಪಾನ ಮಾಡಿದ್ದೇವೆ. ನೀ ಅದ್ದು ಅಂತೀಯ?"

"ನಾಟಕಕ್ಕೆ ಮಾತ್ರ ಅತ್ತೆ. ಇಲ್ಲದಿದ್ದರೆ ನಿಮ್ಮ ಮುಖ ಕಾಣುವುದಿಲ್ಲ."

"ಕರೆ ಹತ್ತಿದ ಬಟ್ಟೆ ಉಟ್ಟು ತೋಟ ಕೇಳಿದರೆ, ಬೇಡೋಕೆ ಬಂದಳು ಅಂತಾರೆ. ನಾ ಬೇಡುವವಳಲ್ಲ. ಅದ್ದುವುದಾದರೆ ಎನಗೆ ನಾಟಕವೇ ಬೇಡ."

ಉಳಿದವರೂ ಮುಂಡಿನ ಸೆರಗು ಹಿಡಿದುಕೊಂಡು ಅವಳ ಪಕ್ಕಕ್ಕೆ ನಿಂತರು. ಶೋಭಾಗೆ ಸಿಟ್ಟು ಬಂತು, ಇಪ್ಪತ್ತು ವರ್ಷದ ವಿದ್ಯೆ ಮಣ್ಣುಪಾಲಾಯಿತು ಎನಿಸಿತು. ನಾಟಕ ನಿಲ್ಲಿಸುವ ಮನಸ್ಸಿರಲಿಲ್ಲ, ಆದ್ದರಿಂದ ಸೋತಳು. ಹಂಡೆಯ ಚಹಾ ಚರಂಡಿಗೆ ಹೋಯಿತು.

ಸಂಜೆ ಸಮುದಾಯ ಭವನ ತುಂಬಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಗಂಡಸರು, ನಟ್ಟನಡುವೆ ಕೋಟು ತೊಟ್ಟ ಸಿದ್ದಯ್ಯ. ಹಿಂದೆ ಚಾಪೆಯ ಮೇಲೆ ಹೆಂಗಸರು ಮಕ್ಕಳು. ಶೋಭಾ ಪಕ್ಕದ ಮೂಲೆಯಲ್ಲಿ, ಬೆಳಕು ಏರಿಸಿ ಇಳಿಸುವ ಡಿಮ್ಮರಿನ ಹಿಡಿ ಹಿಡಿದು ಕೂತಳು. ಬಿಳುಪು ಉರಿಯದ ಹಾಗೆ ಬೆಳಕನ್ನು ಆದಷ್ಟು ಸಣ್ಣಗೆ ಇಟ್ಟಿದ್ದಳು. ಲಿಂಗಾಜಮ್ಮ ಮುಂದೆ ಬಂದಳು, ಉಳಿದವರು ಅವಳ ಹಿಂದೆ ಗೋಡೆ ಕಟ್ಟಿದಂತೆ ನಿಂತರು.

"ಎನ್ನ ಗಂಡ ನೆಟ್ಟ ತೋಟ ಅದು" ಎಂದು ಶುರುಮಾಡಿದಳು.

ಕತ್ತಲಲ್ಲಿ ಕೆಮ್ಮು ಕೇಳಿಸಿತು. ಕುರ್ಚಿ ಕಿರುಗುಟ್ಟಿತು. ಶೋಭಾ ಆ ಕಡೆಗೆ ಕತ್ತು ತಿರುಗಿಸಿದಳು. ಕತ್ತಲಲ್ಲಿ ಹೋದವನನ್ನು ಯಾರು ನೋಡಿದರು? ನಾಳೆ ಮತ್ತೆ 'ಕೇಳಲಿಲ್ಲೆ' ಎಂದರೆ ಮುಗಿಯಿತು.

ಪ್ರೇಕ್ಷಕರ ಮೇಲೆ ಬೆಳಕು ಚೆಲ್ಲಬಾರದು, ಅವಳು ಕಲಿತ ಮೊದಲ ಪಾಠವೇ ಅದು. ಹಿಡಿಯನ್ನು ತುದಿಯವರೆಗೂ ಮೇಲೆ ತಳ್ಳಿದಳು.

ಬಿಳಿ ಬಟ್ಟೆಗಳೆಲ್ಲ ಒಟ್ಟಿಗೆ ಹೊಳೆದವು. ಹೆಂಗಸರ ಮುಖ ಕಪ್ಪಾಯಿತು, ನಿಜ. ಆದರೆ ಅವರ ಮೈಮೇಲಿಂದ ತಿರುಗಿದ ಬೆಳಕು ಮುಂದಿನ ಸಾಲಿಗೆ ಬಿತ್ತು. ಕುರ್ಚಿಯಿಂದ ಅರ್ಧ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದಿದ್ದ ಸಿದ್ದಯ್ಯ ಇಡೀ ಹಟ್ಟಿಗೇ ಕಂಡ. ಚಾಪೆಯ ಮೇಲಿದ್ದ ಮಕ್ಕಳೂ ಕತ್ತು ಚಾಚಿ ನೋಡಿದವು. ಕೆಮ್ಮು ನಿಂತಿತು.

ಲಿಂಗಾಜಮ್ಮ ನಾಟಕದಲ್ಲಿಲ್ಲದ ಮಾತು ಆಡಿದಳು.

"ಕೂರಿ ಭಾವ. ಇನ್ನೂ ಮುಗಿಯಲಿಲ್ಲೆ."

ಸಿದ್ದಯ್ಯ ಕೂತ. ಶೋಭಾ ಕೊನೆಯವರೆಗೂ ಹಿಡಿಯನ್ನು ಕೆಳಗಿಳಿಸಲಿಲ್ಲ.